ಮನೆಯ ಬಾಯಿ

ಆ ಊರು ಯಾವ ದಿಕ್ಕಿಗಿದೆ ಅಂತ ನನ್ನನ್ನು ಕೇಳಬೇಡಿ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ, ಹೋಗುವವರು ಹಬ್ಬದ ದಿನವೇ ಹೋಗುತ್ತೀರಿ. ಯಾರದೋ ಬಾಗಿಲಲ್ಲಿ ಯಾವಳೋ ಹೆಣ್ಣುಮಗಳು ನಿಮ್ಮನ್ನು ನೋಡಿ ಬಾಯಿ ತೆರೆಯುತ್ತಾಳೆ. ಆಮೇಲೆ ಆ ಪಾಪ ನನಗೆ.

ಊರು ಊರಿನ ಹಾಗೇ ಇತ್ತು. ಬೀದಿ ಇತ್ತು, ಬಾವಿ ಇತ್ತು, ಬಾವಿಕಟ್ಟೆಯ ಮೇಲೆ ಜಗಳ ಇತ್ತು. ವರ್ಷವೆಲ್ಲ ಅಲ್ಲಿ ಬಿದ್ದವರು ತಾವೇ ಅಳುತ್ತಿದ್ದರು. ಬನ್ನಿ ಹಬ್ಬದ ದಿನ ಮಾತ್ರ ಲೆಕ್ಕ ಬೇರೆ. ಅವತ್ತು ಬೆಳಕು ಹರಿದಾಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಎಲ್ಲ ಮನೆಗಳ ಬಾಗಿಲೂ ತೆರೆದಿರಬೇಕು. ಜನ ಬನ್ನಿ ಮರದ ಎಲೆ ಹಿಡಿದು ಮನೆಯಿಂದ ಮನೆಗೆ ಹೋಗಬೇಕು, ಎಲೆ ಕೊಟ್ಟು ಎಲೆ ತಗೊಂಡು ‘ಬಂಗಾರದಂಗಿರೋಣ’ ಅನ್ನಬೇಕು, ಉಣ್ಣಬೇಕು, ಉಯ್ಯಾಲೆ ತೂಗಬೇಕು, ಕುಣಿಯಬೇಕು. ಹಾಗೆ ಬಂದವರಿಗೆ ಮನೆಯೊಳಗೆ ಏನಾದರೂ ಪೆಟ್ಟಾಯಿತೋ, ಗಾಯ ಬಂದವರದು, ನೋವು ಕರೆದವರದು.

ಕರೆದವರು ಅಂದರೆ ಮನೆಯ ಯಜಮಾನರು ಅಂದುಕೊಂಡಿರಾ? ಯಜಮಾನರು ಅಷ್ಟು ದಡ್ಡರಲ್ಲ ಸ್ವಾಮಿ. ಹೊಸಿಲ ಮೇಲೆ ನಿಂತು ಯಾವ ಬಾಯಿ ‘ಬನ್ನಿ’ ಅಂದಿತೋ, ಆ ಬಾಯಿ ಯಾವ ಮೈಯಲ್ಲಿದೆಯೋ, ನೋವು ಆ ಮೈಗೆ. ಅದಕ್ಕೇ ಪ್ರತಿ ಮನೆಯಲ್ಲೂ ಒಬ್ಬರನ್ನು ಬಾಯಿ ಅಂತ ನೇಮಿಸುತ್ತಿದ್ದರು. ಸಾಮಾನ್ಯವಾಗಿ ಕೊನೆಗೆ ಬಂದ ಸೊಸೆ. ಉಳಿದವರೆಲ್ಲ ಅವತ್ತು ಬೆಳಗ್ಗೆ ಎದ್ದು, ಮೈ ತೊಳೆದು, ಬಾಯಿಗೊಂದು ಕಡುಬು ಇಟ್ಟುಕೊಂಡು ಕೂರುತ್ತಿದ್ದರು. ‘ಬಾಯಲ್ಲಿ ಕಡುಬು ಇಟ್ಕೊಂಡಿದ್ದೀಯೇನೋ’ ಅಂತ ನಮ್ಮಲ್ಲಿ ಬೈತಾರಲ್ಲ, ಆ ಊರಿನಲ್ಲಿ ಅದು ಬೈಗುಳವಲ್ಲ, ಶಾಸ್ತ್ರ. ಮಾತು ತಪ್ಪಿಯೂ ಜಾರಬಾರದು ನೋಡಿ. ಎಲೆಯ ಹೆಸರನ್ನು ಕೂಡ ಅವತ್ತು ಯಾರೂ ಹೇಳುತ್ತಿರಲಿಲ್ಲ. ಎಲೆಗೂ ‘ಬನ್ನಿ’, ಕರೆಯುವುದಕ್ಕೂ ‘ಬನ್ನಿ’. ಹಬ್ಬದ ದಿನದ ಮಟ್ಟಿಗೆ ಅದು ಬರೀ ‘ಬಂಗಾರ’.

ನಮ್ಮ ಕಥೆಯ ಸೊಸೆ ಊರಿನ ದೊಡ್ಡ ಮನೆಯ ಬಾಯಿ. ಆ ಮನೆಯ ಉಪಚಾರ ಅಂದರೆ ಉಪಚಾರ. ಕಂಬ ಕಂಬಕ್ಕೂ ಹೂವು, ನಡುಮನೆಯಲ್ಲಿ ಹಿತ್ತಾಳೆ ಸರಪಳಿಯ ಉಯ್ಯಾಲೆ, ಕನ್ನಡಿಯಂಥ ಕರಿ ನೆಲ. ಆ ನೆಲದ ಮೇಲೆ ಜಾರದವರೇ ಪಾಪಿಗಳು. ಜಾರಿದವರಿಗೆ ಏನೂ ಆಗುತ್ತಿರಲಿಲ್ಲ. ಮೊಣಕಾಲು ಒಡೆದು ರಕ್ತ ಸುರಿಯುತ್ತಿದ್ದರೂ ನಗುನಗುತ್ತಾ ಎದ್ದು, “ಏನಿಲ್ಲ ಬಿಡಿ, ನಂಗೇನಾಯ್ತು?” ಅಂದು ಮತ್ತೆ ಕುಣಿಯುತ್ತಿದ್ದರು. ಅಡುಗೆಮನೆಯಲ್ಲಿ ಸೊಸೆ ಸೆರಗು ಕಚ್ಚಿಕೊಂಡು ಒಲೆಯ ಮುಂದೆ ಕುಸಿಯುತ್ತಿದ್ದಳು. ಅವಳ ಮೊಣಕಾಲಲ್ಲಿ ಒಂದು ಗೀರೂ ಇರುತ್ತಿರಲಿಲ್ಲ. ಹೊರಗೆ ಜನ ಯಜಮಾನನ ಕೈ ಹಿಡಿದು, “ಎಂಥ ಮನೆ ಯಜಮಾನ್ರೇ, ಇಲ್ಲಿ ಬಂದರೆ ಮೈ ಹಗುರಾಗುತ್ತೆ” ಅನ್ನುತ್ತಿದ್ದರು. ಬಾಯಿ ತುಂಬ ಕಡುಬಿದ್ದ ಯಜಮಾನ, ಅಂದರೆ ಅವಳ ಗಂಡ, ತಲೆಯಾಡಿಸುತ್ತಿದ್ದ.

ಬಂದವರ ಗಾಯ ಇರುವಷ್ಟು ದಿನ ಅವಳ ನೋವು. ಮಾಯುವ ಗಾಯವಾದರೆ ಸರಿ, ಮಾಯದ್ದಾದರೆ? ಬಲಗಾಲಿನಲ್ಲಿ ಅವಳಿಗೆ ತೆಂಗಿನಕಾಯಿ ವ್ಯಾಪಾರಿಯ ಮೊಣಕಾಲಿತ್ತು. ಭುಜದಲ್ಲಿ ಉಯ್ಯಾಲೆಯಿಂದ ಬಿದ್ದ ಬೀಗಿತ್ತಿ. ಅಂಗೈಯಲ್ಲಿ ದೇವರ ದೀಪ ತಾಗಿಸಿಕೊಂಡ ಯಾರದೋ ಬೊಬ್ಬೆ. ಅವಳಿಗಿಂತ ಮೊದಲು ಬಾಯಿಯಾಗಿದ್ದವಳು ಅವಳ ಅತ್ತೆ. ಇವಳು ಮದುವೆಯಾಗಿ ಬಂದ ವರ್ಷ, ಹಬ್ಬದ ಬೆಳಗ್ಗೆ, ಅತ್ತೆ ಮೊಟ್ಟಮೊದಲ ಸಲ ಬಾಯಿಗೆ ಕಡುಬು ಇಟ್ಟುಕೊಂಡಾಗ ಅವಳ ಕಣ್ಣಲ್ಲಿ ನೀರು ಸುರಿದಿತ್ತು. ಸೊಸೆ ಬಂದ ಸಂತೋಷಕ್ಕೆ ಅಂತ ಇವಳು ತಿಳಿದಿದ್ದಳು. ಅಯ್ಯೋ ಹುಚ್ಚಿ! ಊರಲ್ಲಿ ಯಾರಾದರೂ ಸತ್ತ ಸುದ್ದಿ ಬಂದರೆ ಅತ್ತೆ ಅಳುವ ಮೊದಲು ತನ್ನ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ನೋವು ಹೋಯಿತೋ ಇಲ್ಲವೋ ಅಂತ. ಈಗೀಗ ಸೊಸೆಯೂ ಹಾಗೇ ಮಾಡುತ್ತಿದ್ದಳು.

ಇಷ್ಟಾದರೂ ಅವಳು ತಡೆದುಕೊಂಡಿದ್ದಳು. ಅವಳಿಗೊಬ್ಬಳು ಮಗಳಿದ್ದಳು. ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ, ಮಾತು ಮಾತ್ರ ಮಣಗಟ್ಟಲೆ. ಆ ಮಗು ನಕ್ಕರೆ ಅವಳಿಗೆ ವ್ಯಾಪಾರಿಯ ಮೊಣಕಾಲು ಮರೆತುಹೋಗುತ್ತಿತ್ತು.

ಇನ್ನು ಊರಿನಲ್ಲಿ ಕೋಲಿನವರು ಅಂತ ಒಬ್ಬ ಹಿರಿಯರಿದ್ದರು. ಬೆಳ್ಳಗೆ ಪಂಚೆ, ಬೆಳ್ಳಗೆ ಮೀಸೆ, ಕೈಯಲ್ಲಿ ಬೆಳ್ಳಿ ಕಟ್ಟಿದ ಕೋಲು, ಬಾಯಿ ತೆರೆದರೆ ಸಕ್ಕರೆ. ಅವರು ಹಬ್ಬಕ್ಕೆ ಉಣ್ಣಲು ಬರುತ್ತಿರಲಿಲ್ಲ, ಬೀಳಲು ಬರುತ್ತಿದ್ದರು. ಯಾಕೆಂದರೆ ಮೈಯಲ್ಲಿ ಪೆಟ್ಟು ಬಿದ್ದ ಜಾಗದಲ್ಲಿ ಮೊದಲೇ ಒಂದು ನೋವಿದ್ದರೆ, ಹೊಸದರ ಬೆನ್ನಿಗೆ ಹಳೆಯದೂ ಕರೆದವರಿಗೇ ಹೋಗುತ್ತಿತ್ತು. ಇದು ಹಳೇದು, ಇದು ಹೊಸದು ಅಂತ ನೋವನ್ನು ಹೆಕ್ಕಿ ಕೊಡುವವರು ಯಾರಿದ್ದಾರೆ? ಕೋಲಿನವರ ಮೈಯಲ್ಲಿ ಎಲುಬು ಎಲುಬಿಗೂ ನೋವಿತ್ತು. ಎಲ್ಲವನ್ನೂ ಒಂದೇ ಸಲ ಬಿದ್ದು ಇಳಿಸಬೇಕೆಂದು ಅವರು ವರ್ಷ ವರ್ಷವೂ ಬಾಗಿಲು ಹುಡುಕುತ್ತಿದ್ದರು. ಅವರ ಕೋಲಿನ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಮನೆಮನೆಯ ಬಾಯಿಗಳೂ ಅಡುಗೆಮನೆ ಸೇರಿಬಿಡುತ್ತಿದ್ದವು. ಕರೆಯದೆ ಒಳಗೆ ಬರುವ ಹಾಗಿಲ್ಲವಲ್ಲ. ಅವರು ಬಾಗಿಲಲ್ಲಿ ನಿಂತು, ಒಳಗೆ ಕಡುಬು ತುಂಬಿದ ಮುಖಗಳನ್ನು ನೋಡಿ ನಕ್ಕು, ಮುಂದಿನ ಮನೆಗೆ ಹೋಗುತ್ತಿದ್ದರು.

ಆ ಹಬ್ಬದ ದಿನವೂ ಹಾಗೇ ಆಯಿತು. ಕೋಲಿನ ಸದ್ದು ಕೇಳಿತು, ಸೊಸೆ ಅಡುಗೆಮನೆಗೆ ಹೋದಳು. ಹೊಸಿಲ ಮೇಲೆ ಮಗು ಕೂತಿತ್ತು. ಬೆಳಗ್ಗೆ ಅದರ ಬಾಯಿಗೂ ಅಮ್ಮನೇ ಕಡುಬು ಇಟ್ಟಿದ್ದಳು. ಆದರೆ ಬೆಲ್ಲ ಕಾಯಿ ತುಂಬಿದ ಕಡುಬನ್ನು ಬಾಯಿಗಿಟ್ಟು ‘ನುಂಗಬೇಡ ಕಂದಾ’ ಅಂದರೆ ಯಾವ ಮಗು ಕೇಳೀತು, ನೀವೇ ಹೇಳಿ. ಅದು ಯಾವಾಗಲೋ ನುಂಗಿ, ತುಟಿ ನೆಕ್ಕಿಕೊಂಡು, ಬಂದವರು ಕೊಟ್ಟ ಎಲೆಗಳನ್ನು ಮಡಿಲಲ್ಲಿ ಹಾಕಿಕೊಂಡು ಆಡುತ್ತಿತ್ತು.

ಕೋಲಿನವರು ಬಂದು ಅದರೆದುರು ಬಗ್ಗಿದರು. “ಏನು ಪುಟ್ಟೀ, ಕೈಯಲ್ಲೇನದು?”

ಮಗು ಒಂದು ಎಲೆ ಎತ್ತಿ ತೋರಿಸಿತು. “ಬನ್ನಿ.”

“ಆಂ? ಮುದುಕ ನಾನು, ಕೇಳಿಸಲಿಲ್ಲ ಪುಟ್ಟೀ.”

“ಬನ್ನೀ!” ಅಂತ ಮಗು ಕೂಗಿ ಹೇಳಿತು.

“ಬಂದೆ ತಾಯೀ, ಬಂದೆ” ಅಂದು ಕೋಲಿನವರು ಬಲಗಾಲು ಒಳಗಿಟ್ಟರು.

ಅಡುಗೆಮನೆಯಲ್ಲಿ ಸೊಸೆಯ ಕೈಯಿಂದ ಸೌಟು ಬಿತ್ತು. ಅವಳು ಓಡಿ ಬಂದಾಗ ಮನೆಯವರೆಲ್ಲ ಕೆನ್ನೆ ಉಬ್ಬಿಸಿಕೊಂಡು ಗೋಡೆಗಂಟಿ ನಿಂತಿದ್ದರು. ಅತ್ತೆ ಆಗಲೇ ಮಗುವಿನ ಬಾಯಿಗೆ ಇನ್ನೊಂದು ಕಡುಬು ತುರುಕಿದ್ದಳು. ಮನೆ ಹೊತ್ತಿ ಉರಿದ ಮೇಲೆ ಬಾವಿ ತೋಡಿದ ಹಾಗೆ.

“ಅಜ್ಜಾ, ಅದು ಕರೆದದ್ದಲ್ಲ. ನೀವು ಕೇಳಿದ್ದಕ್ಕೆ ಎಲೆ ಹೆಸರು ಹೇಳ್ತು” ಅಂದಳು ಸೊಸೆ.

“ಬಾಯಿ ಅಂದಿತು, ಕಿವಿ ಕೇಳಿತು, ಕಾಲು ದಾಟಿತು” ಅಂದರು ಅವರು ನಗುತ್ತಾ. “ಇನ್ನೇನು ಬೇಕಮ್ಮ?”

“ಒಂದು ಹೆಜ್ಜೆ ಹೊರಗೆ ಇಡಿ. ನಾನು ಕರೀತೀನಿ. ನಿಮ್ಮ ನೋವಷ್ಟೂ ನಂಗೇ ಬರಲಿ. ಕಾಲಿಗೆ ಬೀಳ್ತೀನಿ.”

ಕೋಲಿನವರು ಕೋಲನ್ನು ನೆಲಕ್ಕೂರಿ ನಿಂತರು. “ಹೋದ ವರ್ಷ ನಾನು ಇದೇ ಬಾಗಿಲಲ್ಲಿ ನಿಂತಿದ್ದೆ. ಅದರ ಹಿಂದಿನ ವರ್ಷಾನೂ ನಿಂತಿದ್ದೆ. ಇವತ್ತು ನನ್ನ ಕೋಲಿನ ಸದ್ದು ಕೇಳಿ ಒಳಗೆ ಓಡಿದವಳು ನೀನೇ ಅಲ್ವಾ? ಹೊರಗೆ ಕಾಲಿಟ್ಟ ಮೇಲೆ ಕರೀತೀಯ ಅಂತ ಹ್ಯಾಗೆ ನಂಬಲಿ?”

ಅಡಗಿದ್ದು ನಿಜ. ಅವಳು ಅಡಗಿದ್ದಕ್ಕೇ ಹೊಸಿಲ ಮೇಲೆ ಮಗು ಒಂದೇ ಉಳಿದದ್ದು.

ಕೋಲಿನವರು, ಲೆಕ್ಕ ಸರಿಯಿದೆಯೋ ಇಲ್ಲವೋ ನೋಡುವವರಂತೆ, ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣನ್ನು ಮೆಲ್ಲಗೆ ಉಜ್ಜಿದರು. ಚರ್ಮ ಸುಲಿದು ಒಂದು ಹನಿ ರಕ್ತ ಬಂತು. ಅವರ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅತ್ತೆಯ ಪಕ್ಕದಲ್ಲಿದ್ದ ಮಗು ಕಡುಬು ತುಂಬಿದ ಬಾಯಲ್ಲೇ ಚೀರಿತು. ತನ್ನ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. ಬೆರಳು ನುಣ್ಣಗೆ, ಚೆನ್ನಾಗಿಯೇ ಇತ್ತು. ಅದನ್ನು ಅಮ್ಮನ ಮುಂದೆ ಹಿಡಿದು, ಎಲ್ಲಿ ಊದಬೇಕೆಂದು ತೋರಿಸಲಾಗದೆ ಅಳುತ್ತಾ ನಿಂತಿತು.

“ಸರಿಯಾಗಿದೆ” ಅಂದರು ಕೋಲಿನವರು.

ಅಲ್ಲಿಂದ ಶುರುವಾಯಿತು. ಅವರು ನಡೆದರೆ ಅವಳು ನಡೆದಳು, ಅವರು ನಿಂತರೆ ಅವಳು ನಿಂತಳು. ಕರಿ ನೆಲದ ಮೇಲೆ ಅವರು ಜಾರಿದರು, ಅವಳು ಕಂಕುಳಿಗೆ ಕೈ ಕೊಟ್ಟು ಹಿಡಿದಳು. ಉಯ್ಯಾಲೆಯಲ್ಲಿ ಕೂತು ಕೈ ಬಿಟ್ಟರು, ಅವಳು ಕೆಳಗೆ ತಾನೇ ಬಿದ್ದು ಹಾಸಿಗೆಯಾದಳು. ಬಚ್ಚಲ ಕಡೆ ನಡೆದರು, ಅವಳು ಮುಂದೆ ಓಡಿ ಕಲ್ಲಿನ ಮೇಲೆ ತನ್ನ ಒಳ್ಳೆಯ ಸೀರೆಯನ್ನೇ ಹಾಸಿದಳು. ನಡುಮನೆಯಲ್ಲಿ ಹಿಡಿದಳು, ಒಳಂಗಳದಲ್ಲಿ ಹಿಡಿದಳು, ಕಂಬದ ಬಳಿ ಹಿಡಿದಳು, ಮೆಟ್ಟಿಲ ಬಳಿ ಹಿಡಿದಳು. ಮನೆಯಲ್ಲಿ ಜನ ಇಲ್ಲದೆ ಇರಲಿಲ್ಲ. ಆದರೆ ಬಂದವರನ್ನು ಕಾಯುವುದು ಬಾಯಿಯ ಕೆಲಸ. ಮಿಕ್ಕವರು ಕೈ ಹಾಕಿದರೆ ಮನೆಯ ಮರ್ಯಾದೆ ಏನಾಗಬೇಕು? ಗಂಡ ಒಮ್ಮೆ ಅವಳ ಕಣ್ಣಿಗೆ ಕಣ್ಣು ಕೊಟ್ಟ. ಆಮೇಲೆ ಎಲೆ ಹಾಕು, ಪಾಯಸ ಬಡಿಸು ಅಂತ ಕೈಸನ್ನೆ ಮಾಡಿದ.

ಪಾಯಸ ಕುಡಿಯುತ್ತಾ ಕೋಲಿನವರು ಅವಳ ಜೊತೆ ಸಮಾಧಾನವಾಗಿ ಮಾತಾಡಿದರು. ಕೆಟ್ಟವರಂತೆ ಮಾತಾಡಿದ್ದರೆ ಅವಳಿಗೂ ಸಲೀಸಾಗುತ್ತಿತ್ತು.

“ನೋವು ಯಾರಿಗೆ ಬೇಕು ಹೇಳು ಮಗಳೇ? ನಾನು ಮಲಗಿ ಎಷ್ಟು ಕಾಲ ಆಯ್ತು ಗೊತ್ತಾ? ಮಗ್ಗುಲು ಬದಲಿಸಿದರೆ ಜೀವ ಬಾಯಿಗೆ ಬರುತ್ತೆ.”

“ಅದು ಮಗು ಅಜ್ಜಾ.”

“ಮಗೂನೇ. ನಾನಾದ್ರೂ ಇನ್ನೆಷ್ಟು ದಿನ ಇದ್ದೇನು? ನಾನು ಹೋದ ದಿನ ಅವಳ ಮೈಯಿಂದ ನೋವೂ ಹೋಗುತ್ತೆ.”

“ಅಷ್ಟು ಹೊತ್ತಿಗೆ ಅವಳಿಗೆ ನಗೋದೇ ಮರೆತುಹೋಗಿರುತ್ತೆ” ಅಂದಳು ಸೊಸೆ.

“ನಂಗೆ ಮರೆತಿಲ್ವಾ?” ಅಂದು ಅವರು ಲೋಟ ಕೆಳಗಿಟ್ಟರು. “ದೀಪ ಹಚ್ಚೋದರೊಳಗೆ ನಾನು ಬಿದ್ದೇ ಬೀಳ್ತೀನಿ. ನೀನು ಎಷ್ಟೂಂತ ಹಿಡೀತೀಯ? ನನ್ನನ್ನು ತಡೆಯೋಕೆ ಒಂದೇ ಮಾತಿರೋದು. ಆ ಮಾತು ಈ ಊರಲ್ಲಿ ಯಾರೂ ಆಡಿಲ್ಲ. ಆಡಿದವಳಿಗೆ ಮನೆ ಉಳಿಯಲ್ಲ, ಅದೂ ನಿಂಗೆ ಗೊತ್ತು.”

ಅವಳಿಗೆ ಗೊತ್ತಿತ್ತು. ಅದು ನಿಮಗೂ ಗೊತ್ತಿರುವ ಮಾತೇ. ಹೊರಟವರಿಗೆ ನಾವು ‘ಹೋಗಿ ಬನ್ನಿ’ ಅನ್ನುತ್ತೇವೆ, ಬರೀ ‘ಹೋಗಿ’ ಅನ್ನುವುದಿಲ್ಲ, ನಾಲಿಗೆ ಏಳುವುದಿಲ್ಲ. ಆ ಊರಿನಲ್ಲಿ ಬರೀ ‘ಹೋಗಿ’ ಅನ್ನಿಸಿಕೊಂಡವನು ಅತಿಥಿಯಲ್ಲ. ಅವನು ಬಿದ್ದರೆ ಅವನ ನೋವು ಅವನಿಗೇ. ಆದರೆ ಹಾಗಂದವಳು ಮನೆಯವಳೂ ಅಲ್ಲ. ಮತ್ತೆ ಒಳಗೆ ಬರಬೇಕಾದರೆ ಅವಳನ್ನೂ ಯಾರಾದರೂ ಕರೆಯಬೇಕು. ಕರೆದವರಿಗೆ ಅವಳ ಮೈಯಲ್ಲಿರುವುದೆಲ್ಲ ಕಾದಿರುತ್ತದೆ.

ಬಿಸಿಲು ಇಳಿಯುತ್ತಿತ್ತು. ಕೋಲಿನವರು ಎದ್ದು ಮಾಳಿಗೆಯ ಮೆಟ್ಟಿಲು ಹತ್ತತೊಡಗಿದರು. ಅವಳು ಹಿಂದೆ ಹತ್ತಿದಳು. ಮಾಳಿಗೆಗೆ ಅಂಚುಗೋಡೆ ಇರಲಿಲ್ಲ, ಕೆಳಗೆ ಒಳಂಗಳದ ಕಲ್ಲುಚಪ್ಪಡಿ. ಅಂಗಳದ ನಡುವೆ ಮಗು ಕೂತು ಎಲೆಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಕೋಲಿನವರು ಅಂಚಿಗೆ ಹೋಗಿ ನಿಂತು ಕೋಲನ್ನು ಪಕ್ಕಕ್ಕಿಟ್ಟರು. ಅವಳು ಅವರ ಸೊಂಟ ತಬ್ಬಿ ಹಿಡಿದಳು. ಅವರು ಭಾರ ಬಿಟ್ಟರು. ಅವಳ ಬಲಗಾಲಿನಲ್ಲಿ ತೆಂಗಿನಕಾಯಿ ವ್ಯಾಪಾರಿಯ ಮೊಣಕಾಲು ಕಳಚಿದ ಹಾಗಾಯಿತು, ಭುಜದಲ್ಲಿ ಬೀಗಿತ್ತಿ ಎದ್ದು ಕೂತಳು. ಹಿಡಿತ ಜಾರುತ್ತಿತ್ತು. ಯಾರ ಯಾರದೋ ನೋವು ಇವತ್ತೇ, ಈ ಗಳಿಗೆಯಲ್ಲೇ ಅವಳನ್ನು ಸೋಲಿಸಬೇಕೇ? ಅವಳಿಗೆ ಸಿಟ್ಟು ಬಂತು. ಗಂಡನ ಮೇಲೆ, ಮನೆಯ ಮೇಲೆ, ಇಷ್ಟು ವರ್ಷ ನಗುನಗುತ್ತಾ ಬಂದು ಬಿದ್ದವರೆಲ್ಲರ ಮೇಲೆ.

“ಕೈ ಬಿಡು ಮಗಳೇ, ಸಾಕು” ಅಂದರು ಕೋಲಿನವರು.

“ಹೋಗಿ” ಅಂದಳು ಅವಳು.

ಅವರ ಮೈ ಬಿಗಿಯಿತು. “ಏನಂದೆ?”

“ಹೋಗಿ.”

“ಪೂರ್ತಿ ಹೇಳಮ್ಮ. ಹೋಗಿ ಬನ್ನಿ ಅನ್ನು. ಹೆಣ್ಣುಮಗಳು ನೀನು, ಹಬ್ಬದ ದಿನ...”

“ಹೋಗಿ.”

ಗುಡುಗಲಿಲ್ಲ, ಮಿಂಚಲಿಲ್ಲ. ಕೆಳಗೆ ತಾನೇ ತೂಗುತ್ತಿದ್ದ ಉಯ್ಯಾಲೆ ನಿಂತಿತು, ಅಷ್ಟೇ. ಕೋಲಿನವರು ಎರಡೂ ಕೈಯಿಂದ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಈಗ ಅವರಿಗೆ ಬೀಳುವ ಭಯ ಇತ್ತು. ಅವಳೇ ಅವರನ್ನು ಅಂಚಿನಿಂದ ಹಿಂದಕ್ಕೆಳೆದು ಕೋಲು ಕೊಟ್ಟಳು. ಅವರು ಮೆಟ್ಟಿಲು ಮೆಟ್ಟಿಲಿಗೂ ನರಳುತ್ತಾ, ಗೋಡೆ ಹಿಡಿದುಕೊಂಡು ಇಳಿದು, ಹೊಸಿಲು ದಾಟಿ, ಬೀದಿಯಲ್ಲಿ ಯಾರ ಬಾಗಿಲನ್ನೂ ನೋಡದೆ ನಡೆದುಹೋದರು.

ಅವಳು ಇಳಿದು ಬಂದಳು. ಪ್ರತಿ ಮೆಟ್ಟಿಲೂ ಯಾರದೋ ಮನೆಯ ಮೆಟ್ಟಿಲಂತಿತ್ತು. ನಡುಮನೆಯಲ್ಲಿ ನಿಂತರೆ ಅಡುಗೆಮನೆ ಯಾವ ಕಡೆಗೆ ಅನ್ನುವುದು ನೆನಪಾಗಲಿಲ್ಲ. ಉಪ್ಪಿನ ಮರಿಗೆ ಎಲ್ಲಿ, ತನ್ನ ಚಾಪೆ ಎಲ್ಲಿ, ಯಾವುದೂ ನೆನಪಾಗಲಿಲ್ಲ. ಗೋಡೆಗಂಟಿ ನಿಂತವರ ಮುಖಗಳೂ ಯಾವುದೋ ಮದುವೆಮನೆಯಲ್ಲಿ ಕಂಡವರ ಮುಖಗಳಂತೆ ಕಂಡವು. ಕರೆಯದೆ ಬೇರೆಯವರ ಮನೆಯಲ್ಲಿ ನಿಲ್ಲುವುದು ಹ್ಯಾಗೆ ಅಂತ ಅವಳಿಗೆ ನಾಚಿಕೆಯಾಯಿತು. ಸೆರಗು ಹೊದ್ದು ಹೊರಗೆ ಬಂದು ಬೀದಿಯಲ್ಲಿ ನಿಂತಳು. ಮಗುವಿನ ಮುಖ ಒಂದು ಮಾತ್ರ ಅವಳಿಗೆ ಚೆನ್ನಾಗಿ ನೆನಪಿತ್ತು.

ಮನೆಯವರೆಲ್ಲ ಬಾಗಿಲಿಗೆ ಬಂದರು. ಒಬ್ಬರನ್ನೊಬ್ಬರು ನೋಡಿದರು. ಒಂದು ಮಾತು ಅಂದರೆ ಅವಳು ಮತ್ತೆ ಮನೆಯವಳು. ಆದರೆ ಆ ಮೊಣಕಾಲು, ಆ ಭುಜ, ಆ ಅಂಗೈ ಹೊತ್ತವಳು ಒಳಗೆ ಬಂದು ಈ ನೆಲದ ಮೇಲೆ ಎಡವದೆ ಇರುತ್ತಾಳೆಯೇ? ಅವಳು ಅತ್ತೆಯನ್ನೇ ನೋಡಿದಳು. ಅತ್ತೆಗೆ ಎಲ್ಲ ಗೊತ್ತಿತ್ತು, ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅತ್ತೆಯ ದವಡೆ ಕದಲಿತು. ತುಟಿ ತೆರೆಯುತ್ತದೆ ಅಂತ ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅತ್ತೆ ಕಡುಬನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿಕೊಂಡಳು.

ಆಗ ಯಜಮಾನ ಮಗುವನ್ನು ಮುಂದಕ್ಕೆ ತಂದ. ಬೀದಿಯ ಆ ತುದಿಯಿಂದ ನೆಂಟರ ಗುಂಪೊಂದು ಎಲೆ ಹಿಡಿದು ಬರುತ್ತಿತ್ತು, ಮನೆಗೆ ಬಾಯಿ ಇರಲಿಲ್ಲ. ಅವನು ಮಗುವಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಎರಡು ಬೆರಳು ಹಾಕಿ, ಅದರ ಬಾಯಿಗೆ ಅತ್ತೆ ಮತ್ತೆ ತುರುಕಿದ್ದ ಕಡುಬನ್ನು ಹೊರಗೆ ತೆಗೆದ. ತುಟಿಯನ್ನು ತನ್ನ ಅಂಗವಸ್ತ್ರದಿಂದಲೇ ಒರೆಸಿದ. ಬೀದಿಯಲ್ಲಿ ನಿಂತವಳ ಕಡೆ ಬೆರಳು ತೋರಿಸಿ, ಹೂಂ, ಕರಿ ಅಂತ ತಲೆಯಾಡಿಸಿದ.

ಹೆತ್ತ ತಂದೆ ಕಣ್ರೀ ಅವನು! ಅವಳು ಬೀದಿಯಿಂದಲೇ ಬೇಡ ಬೇಡ ಅಂತ ಕೈ ಆಡಿಸಿದಳು.

“ಕರೀಬೇಡ ಕಂದಾ” ಅಂದಳು. “ಅಮ್ಮನ್ನ ಕರೀಬೇಡ. ಬಾಯಿ ಮುಚ್ಕೋ ನನ್ನ ಬಂಗಾರ.”

ಮಗು ಅಪ್ಪನನ್ನು ನೋಡಿತು. ಅಮ್ಮನನ್ನು ನೋಡಿತು. ಅದಕ್ಕೆ ಏನು ಅರ್ಥವಾಯಿತೋ ಏನಿಲ್ಲವೋ ನನಗೆ ಗೊತ್ತಿಲ್ಲ. ಅಮ್ಮ ಅಲ್ಲಿದ್ದಾಳೆ, ತಾನು ಇಲ್ಲಿದ್ದೇನೆ, ಅಷ್ಟು ಅದಕ್ಕೆ ಗೊತ್ತಿತ್ತು.

“ಹಂಗಾದ್ರೆ ನಾನೇ ಬರ್ತೀನಿ” ಅಂತು.

ಅಪ್ಪನ ಕೈ ಅದರ ತೋಳಿನಿಂದ ತಾನಾಗಿ ಜಾರಿತು. ಮನೆಯಿಂದ ಹೊರಡುವವರು ಆಡುವ ಮಾತನ್ನೇ ಅದು ಆಡಿತ್ತು. ಹಾಗಂದವರನ್ನು ಹಿಡಿದು ನಿಲ್ಲಿಸುವ ಹಾಗಿಲ್ಲ. ಮಗು ಹೊಸಿಲು ದಾಟಿ, ಓಡುವ ಆತುರದಲ್ಲಿ ಕಾಲಿಗೆ ಕಾಲು ಸಿಕ್ಕಿ, ಬೀದಿಯ ಮಣ್ಣಿನಲ್ಲಿ ಧೊಪ್ಪನೆ ಬಿತ್ತು.

ಬೀದಿಯಲ್ಲಿ ಎಲ್ಲರೂ ನಿಂತರು. ನೆಂಟರ ಗುಂಪು ನಿಂತಿತು. ಎದುರು ಮನೆಯ ಬಾಯಿ, ಪಕ್ಕದ ಮನೆಯ ಬಾಯಿ, ಎಲ್ಲ ಬಾಗಿಲ ಹೆಣ್ಣುಮಕ್ಕಳೂ ತಮ್ಮ ತಮ್ಮ ಮೈ ಮುಟ್ಟಿ ನೋಡಿಕೊಂಡರು. ಯಾರಿಗೂ ಏನೂ ಆಗಿರಲಿಲ್ಲ. ಮಗುವಿನ ಮೊಣಕಾಲು ತರಚಿ ರಕ್ತ ಜಿನುಗಿತು, ಆ ರಕ್ತ ನೋಡಿ ಮಗುವೇ ಬಾಯಿ ದೊಡ್ಡದು ಮಾಡಿ ಅತ್ತಿತು. ಬಿದ್ದವರೇ ಅಳುವ ಸದ್ದನ್ನು ಆ ಹಬ್ಬದ ದಿನ ಆ ಊರು ಕೇಳಿದ್ದು ಅದೇ ಮೊದಲು. ಅವಳು ಮಣ್ಣಿನಲ್ಲಿ ಕೂತು, ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಗಾಯ ಎಲ್ಲಿತ್ತೋ ಸರಿಯಾಗಿ ಅಲ್ಲಿಗೇ ಉಫ್ ಉಫ್ ಅಂತ ಊದಿದಳು.

“ಅಳು ಮಗಳೇ, ಜೋರಾಗಿ ಅಳು” ಅಂದಳು. “ಇದು ನಿಂದೇ.”